ಕೌಂಟರ್ ಸೊನ್ನೆ ಆಯಿತು, ಒಳಗಿದ್ದದ್ದು ಹಳೆಯದೇ

ಟೋನರ್ ಪುಡಿಯಿಂದ ಮುದ್ರಿಸುವ ಹಳೆಯ ಡಿಜಿಟಲ್ ಪ್ರೆಸ್ ಓಡಿಸುತ್ತಿದ್ದೀರಾ? ರಿಪೇರಿಯವರು ಭಾಗ ಬದಲಿಸಿದೆ ಎಂದರೆ ಬಿಚ್ಚಿದ ಹಳೆಯದನ್ನು ಕೇಳಿ ಇಸ್ಕೊಳ್ಳಿ. ನಾನು ಕೇಳಲಿಲ್ಲ.

ನಮ್ಮ ಮೆಷಿನ್‌ಗೆ ವಯಸ್ಸಾಯಿತು, ಇನ್ನು ಸರ್ವಿಸ್ ಕಾಂಟ್ರಾಕ್ಟ್ ಕೊಡುವುದಿಲ್ಲ ಎಂದು ಕಂಪನಿಯವರು ಕೈ ತೊಳೆದುಕೊಂಡಿದ್ದರು. ಹೊರಗಿನ ಒಬ್ಬ ಇಂಜಿನಿಯರ್ ಬಂದು ನೋಡಿಕೊಳ್ಳುತ್ತಿದ್ದರು. ಕೈ ಚುರುಕು, ಮಾತು ಸಲೀಸು, ಫೋನ್ ಮಾಡಿದರೆ ಅರ್ಧ ದಿನದಲ್ಲಿ ಹಾಜರ್. ಇಂಥವರು ಸಿಕ್ಕಿದ್ದೇ ಪುಣ್ಯ ಅಂದುಕೊಂಡಿದ್ದೆ.

ಒಂದು ದಿನ ಸ್ಕ್ರೀನ್ ಮೇಲೆ ಫ್ಯೂಸರ್‌ನ ಕ್ಲೀನಿಂಗ್ ವೆಬ್ ಬದಲಿಸಿ ಎಂದು ಬಂತು. ಅವರು ಬಂದು ಏನೋ ಬಿಚ್ಚಿದರು, ಏನೋ ಕೂಡಿಸಿದರು, ಮೆಸೇಜ್ ಹೋಯಿತು. ಹೊಸ ವೆಬ್ ಎಂದು ಬಿಲ್ ಕೊಟ್ಟರು, ನಾನು ದುಡ್ಡು ಕೊಟ್ಟೆ.

ಈ ವೆಬ್ ಅಂದರೆ ಎಣ್ಣೆ ಹಿಡಿದ ತೆಳು ಬಟ್ಟೆಯ ಸುರುಳಿ. ಟೋನರ್ ಪುಡಿಯನ್ನು ಬಿಸಿ ಮಾಡಿ ಕಾಗದಕ್ಕೆ ಅಂಟಿಸುವ ಫ್ಯೂಸರ್ ರೋಲರ್ ಇದೆಯಲ್ಲ, ಅದಕ್ಕೆ ಮೆತ್ತಿಕೊಂಡ ಪುಡಿಯನ್ನು ಒರೆಸುತ್ತಾ ಚೂರು ಚೂರೇ ಸರಿಯುತ್ತದೆ. ಒಂದು ಸಲ ಒರೆಸಿದ ಜಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ. ನಮ್ಮ ಮೆಷಿನ್ ಬಟ್ಟೆ ಎಷ್ಟು ಉಳಿದಿದೆ ಎಂದು ನೋಡುವುದಿಲ್ಲ, ಸುಮ್ನೆ ಕೌಂಟರ್‌ನಲ್ಲಿ ಶೀಟ್ ಎಣಿಸುತ್ತದೆ. ಸರ್ವಿಸ್ ಮೋಡ್‌ನಲ್ಲಿ ಎಣಿಕೆಯನ್ನು ಸೊನ್ನೆ ಮಾಡಿದರೆ ಹೊಸದು ಬಂತು ಅಂತ ನಂಬುತ್ತದೆ. ಪಾಪ, ನನ್ನ ಹಾಗೇ.

ಕೆಲವು ವಾರಗಳಲ್ಲಿ ಶೀಟ್‌ಗಳ ಮೇಲೆ ಸಣ್ಣ ಚುಕ್ಕೆಗಳು ಶುರುವಾದವು. ‘ಡ್ರಮ್ ಹೋಗಿದೆ ಸಾರ್’ ಅಂದರು ಇಂಜಿನಿಯರ್. ಡ್ರಮ್ ಅಂದರೆ ಟೋನರ್‌ನಿಂದ ಚಿತ್ರ ಮೂಡುವ ಉರುಳೆ. ಹೊಸ ಡ್ರಮ್ ತರಿಸಿದೆ. ಚುಕ್ಕೆ ಹೋಗಲಿಲ್ಲ. ಟೋನರನ್ನು ಡ್ರಮ್ಮಿಗೆ ಒಯ್ಯುವ ಡೆವಲಪರ್ ಪುಡಿ ಬದಲಿಸಿದೆವು. ಆಗಲೂ ಇಲ್ಲ. ಅಷ್ಟರಲ್ಲಿ ಒಂದು ಪುಸ್ತಕದ ಜಾಬ್ ಪೂರ್ತಿ ವಾಪಸ್ ಬಂತು. ಕೊನೆಗೆ ಒಂದು ಶೀಟ್ ಫ್ಯೂಸರ್ ರೋಲರ್‌ಗೇ ಸುತ್ತಿಕೊಂಡಿತು. ಕಾಗದ ಬಿಡಿಸುವ ಕೊಕ್ಕೆ ಬಗ್ಗಿ ರೋಲರ್ ಮೇಲೆ ಗೀರು ಬಿತ್ತು. ರೋಲರೂ ಹೋಯಿತು.

ಆಮೇಲೆ ನನಗೆ ಬುದ್ಧಿ ಬಂತು. ಕೊಳೆಯಾದ ರೋಲರ್ ಒಂದು ಸುತ್ತು ತಿರುಗಿದಾಗಲೆಲ್ಲ ಒಂದು ಚುಕ್ಕೆ ಬೀಳುತ್ತದೆ. ಹಾಗಾಗಿ ಸ್ಕೇಲ್ ಇಟ್ಟು ಒಂದು ಚುಕ್ಕೆಯಿಂದ ಮುಂದಿನ ಚುಕ್ಕೆಗೆ ಅಳೆದೆ. 188 ಮಿ.ಮೀ. ಅದನ್ನು 3.14ರಿಂದ ಭಾಗಿಸಿದರೆ ಸುಮಾರು 60. ನಮ್ಮ ಫ್ಯೂಸರ್ ರೋಲರಿನ ವ್ಯಾಸ ಸರಿಯಾಗಿ ಅಷ್ಟೇ! ಡ್ರಮ್ಮಿನದು 84 ಮಿ.ಮೀ. ತಪ್ಪು ಡ್ರಮ್ಮಿನದಾಗಿದ್ದರೆ ಚುಕ್ಕೆ 264 ಮಿ.ಮೀ.ಗೆ ಒಂದು ಬೀಳಬೇಕಿತ್ತು. ಎರಡು ನಿಮಿಷದ ಲೆಕ್ಕ. ಇನ್ನೂ ಸುಲಭದ ದಾರಿಯೂ ಇದೆ. ಶೀಟ್ ಫ್ಯೂಸರ್ ತಲುಪುವ ಮೊದಲೇ ಮೆಷಿನ್ ನಿಲ್ಲಿಸಿ, ಬಾಗಿಲು ತೆಗೆದು ಶೀಟ್ ನೋಡುವುದು. ಅಲ್ಲಿ ಚುಕ್ಕೆ ಇಲ್ಲ, ಹೊರಗೆ ಬಂದ ಮೇಲೆ ಇದೆ ಅಂದರೆ ಡ್ರಮ್ಮನ್ನು ಯಾಕೆ ಬೈಯಬೇಕು, ಅಲ್ವಾ? ಆ ಶೀಟನ್ನು ಅಂಚಿನಲ್ಲಿ ಹಿಡಿಯಿರಿ. ಟೋನರ್ ಇನ್ನೂ ಅಂಟದ ಪುಡಿ, ಅಂಗಿಗೆಲ್ಲ ಹತ್ತುತ್ತದೆ.

ಫ್ಯೂಸರ್ ಪೂರ್ತಿ ಆರಲು ಬಿಟ್ಟು ಬಿಚ್ಚಿಸಿ ನೋಡಿದೆ. ಒಳಗೆ ಇದ್ದದ್ದು ಅದೇ ಹಳೆಯ ವೆಬ್. ತಿರುವುಮುರುವು ಸುತ್ತಿ ಮತ್ತೆ ಹಾಕಿದ್ದರು. ಎರಡೂ ಕಡೆ ಕಪ್ಪು. ಹೊಟ್ಟೆ ಉರಿಸಿದ ಸಂಗತಿ ಇನ್ನೊಂದು: ತೆಗೆದಿಟ್ಟ ಹಳೆಯ ಡ್ರಮ್ ಚೆನ್ನಾಗಿಯೇ ಇತ್ತು. ಕವರ್ ಮುಚ್ಚದೆ ಕಿಟಕಿ ಪಕ್ಕ ಇಟ್ಟು, ಬೆಳಕು ಬಿದ್ದು, ಅದನ್ನೂ ನಾವೇ ಹಾಳು ಮಾಡಿದ್ದೆವು.

ಈಗ ಯಾರೇ ಬಂದರೂ ಕೆಲಸಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಕೌಂಟರ್ ಪಟ್ಟಿ ಪ್ರಿಂಟ್ ತೆಗೆಸುತ್ತೇನೆ. ಹೊಸ ಭಾಗದ ಡಬ್ಬಿ ನನ್ನ ಎದುರಿಗೇ ಒಡೆಯಬೇಕು, ಹಳೆಯದು ನನ್ನ ಟೇಬಲ್ ಮೇಲೆ ಇರಬೇಕು. ಇದಕ್ಕೆ ಮುಖ ಸಿಂಡರಿಸಿದವರನ್ನು ಎರಡನೇ ಸಲ ಕರೆದಿಲ್ಲ.

ಆ ಇಂಜಿನಿಯರ್‌ಗೆ ಫೋನ್ ಮಾಡಿ ಕೇಳಿದಾಗ ಬಂದ ಉತ್ತರ: ‘ಹಳೇ ಮೆಷಿನ್ ಸಾರ್, ಹೀಗೆಲ್ಲ ಆಗ್ತಾನೇ ಇರುತ್ತೆ.’