ಹರಾಜಲ್ಲಿ ಗೆದ್ದು ದುಡ್ಡು ಕೊಡದವರು: ಮೂರು ಕಡೆ ಮಾರಿ ನೋಡಿದ ಮೇಲೆ ನನ್ನ ಓಟು ಠೇವಣಿಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಠೇವಣಿ ಇಟ್ಟುಕೊಂಡು ಹರಾಜು ನಡೆಸುವ ವಾಟ್ಸಾಪ್ ಗುಂಪಿಗೆ. ನಾನು ಮಾರುವುದು ಸ್ಟಾಂಪು, ಫಸ್ಟ್ ಡೇ ಕವರು (ಸ್ಟಾಂಪು ಬಿಡುಗಡೆಯಾದ ದಿನದ ಮುದ್ರೆ ಬಿದ್ದ ಲಕೋಟೆ), ಹಳೇ ಪೋಸ್ಟ್ ಕಾರ್ಡು. ನನ್ನ ಹತ್ತಿರ ಎರಡೆರಡು ಇರುವುದನ್ನು ಮಾರಿ, ಆ ದುಡ್ಡಲ್ಲಿ ಇಲ್ಲದ್ದನ್ನು ಕೊಳ್ಳುತ್ತೇನೆ. ಹೆಚ್ಚಿನ ಲಾಟುಗಳು, ಅಂದರೆ ಹರಾಜಿಗೆ ಇಡುವ ಒಂದೊಂದು ಮಾಲು, ಇನ್ನೂರರಿಂದ ಎರಡು ಸಾವಿರ ರೂಪಾಯಿ ಒಳಗೇ ಮುಗಿಯುತ್ತವೆ. ಈ ಮಟ್ಟದಲ್ಲಿ ಮಾರುವವರಿಗೆಲ್ಲ ಗೊತ್ತು, ಕೂಗಿ ಗೆದ್ದು ಆಮೇಲೆ ಫೋನ್ ಎತ್ತದವರು ಎಷ್ಟು ಕಾಟ ಕೊಡುತ್ತಾರೆ ಅಂತ. ಯಾರು ಬೇಕಾದರೂ ಸೇರಬಹುದಾದ ತೆರೆದ ವಾಟ್ಸಾಪ್ ಗುಂಪು, ಇಬೇ ಅನ್ನುವ ಆನ್‌ಲೈನ್ ಮಾರಾಟದ ಸೈಟು, ಮತ್ತೆ ಈ ಠೇವಣಿ ಗುಂಪು, ಮೂರರಲ್ಲೂ ಮಾರಿದ್ದೇನೆ. ಎಲ್ಲಿ ಫೋಟೊ ಹಾಕುವುದು ಸುಲಭ, ಎಲ್ಲಿ ಜನ ಜಾಸ್ತಿ ಅನ್ನುವುದೆಲ್ಲ ಇಲ್ಲಿ ಬೇಡ. ಗೆದ್ದವರು ದುಡ್ಡು ಕೊಡದಿದ್ದಾಗ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ, ಅದನ್ನಷ್ಟೇ ನೋಡೋಣ.

ತೆರೆದ ಗುಂಪಿನಲ್ಲಿ ಏನೂ ಉಳಿಯುವುದಿಲ್ಲ. ‘ಸಂಬಳ ಆದ ತಕ್ಷಣ ಹಾಕ್ತೀನಿ ಸರ್’ ಅನ್ನುತ್ತಾರೆ, ಆಮೇಲೆ ‘ಊರಲ್ಲಿಲ್ಲ’ ಅನ್ನುತ್ತಾರೆ, ಆಮೇಲೆ ಮೆಸೇಜಿಗೆ ನೀಲಿ ಟಿಕ್ ಕೂಡ ಬೀಳುವುದಿಲ್ಲ. ಅಡ್ಮಿನ್‌ಗೆ ಹೇಳಿದರೆ ಗುಂಪಿಂದ ತೆಗೆಯುತ್ತಾರೆ. ಅದೇ ಮನುಷ್ಯ ಇನ್ನೊಂದು ಹೆಸರಲ್ಲಿ ಮತ್ತೆ ಬಂದು ಕೂಗುತ್ತಾನೆ.

ಅದಕ್ಕಿಂತ ಕೆಟ್ಟದ್ದು, ಕೊಡದೆಯೇ ಕೊಟ್ಟೆ ಅನ್ನುವವರು. ನನಗೆ ಬಂದಿದ್ದ ಒಂದು ಯುಪಿಐ ಸ್ಕ್ರೀನ್‌ಶಾಟನ್ನು ದೊಡ್ಡದು ಮಾಡಿ ನೋಡಿದೆ. ಮೊತ್ತದ ಅಂಕಿ ಒಂದು ದಪ್ಪ, ದಿನಾಂಕದ ಅಂಕಿ ಇನ್ನೊಂದು ದಪ್ಪ. ಯುಟಿಆರ್ ನಂಬರ್ (ಪ್ರತಿ ಪಾವತಿಗೂ ಬೀಳುವ ಗುರುತಿನ ಸಂಖ್ಯೆ) ಎಣಿಸಿದರೆ ಹನ್ನೊಂದೇ ಅಂಕಿ, ಹನ್ನೆರಡು ಇರಬೇಕಿತ್ತು. ಆದ್ದರಿಂದ ಸ್ಕ್ರೀನ್‌ಶಾಟ್ ನೋಡಿ ಕವರ್ ಅಂಟಿಸಬೇಡಿ, ಬ್ಯಾಂಕಿನ ಪಾಸ್‌ಬುಕ್ ಪುಟದಲ್ಲಿ ದುಡ್ಡು ಕಂಡ ಮೇಲೆಯೇ ಪೋಸ್ಟ್ ಆಫೀಸಿಗೆ ಹೊರಡಿ. ಇನ್ನು ‘ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ’ ಅಂದರೆ ಅಲ್ಲೇ ಬ್ಲಾಕ್ ಮಾಡಿ. ದುಡ್ಡು ಪಡೆಯೋಕೆ ಪಿನ್ ಬೇಕಾಗಿಲ್ಲ.

ಇಬೇ ಕಥೆ ಬೇರೆ. ಅದರ ಭಾರತದ ಸೈಟು 2018ರಲ್ಲೇ ಮುಚ್ಚಿತು, ಈಗ ಇಲ್ಲಿಂದ ಮಾರುವವರಿಗೆ ಗಿರಾಕಿಗಳು ಹೊರದೇಶದವರು. ದುಡ್ಡು ಕೊಡದವರ ವಿಷಯದಲ್ಲಿ ಅಲ್ಲಿ ಒಂದು ಗಟ್ಟಿ ಕ್ರಮ ಇದೆ, ಅದನ್ನು ಒಪ್ಪಲೇಬೇಕು. ಗೆದ್ದವರಿಗೆ ನಾಲ್ಕು ದಿನ ಗಡುವು. ಐದನೇ ದಿನದಿಂದ ‘ಖರೀದಿದಾರ ದುಡ್ಡು ಕೊಟ್ಟಿಲ್ಲ’ ಅನ್ನುವ ಕಾರಣ ಆರಿಸಿ ನಾವು ಆರ್ಡರ್ ರದ್ದು ಮಾಡಬಹುದು. ಮಾರಾಟದ ಮೇಲೆ ಹಿಡಿದ ಕಮಿಷನ್ ವಾಪಸ್ ಬರುತ್ತದೆ, ಅವರ ಖಾತೆಯಲ್ಲಿ ಅದು ದಾಖಲಾಗುತ್ತದೆ. ಕೆಲವರು ಗಡುವಿನ ಹೊತ್ತಿಗೆ ‘ದಯವಿಟ್ಟು ಕ್ಯಾನ್ಸಲ್ ಮಾಡಿ’ ಅಂತ ಮೆತ್ತಗೆ ಬರೆಯುತ್ತಾರೆ. ಪಾಪ ಅಂತ ನೀವು ‘ಖರೀದಿದಾರರೇ ಕೇಳಿದರು’ ಅನ್ನುವ ಕಾರಣ ಒತ್ತಿದರೆ ಆ ದಾಖಲೆ ಬೀಳುವುದೇ ಇಲ್ಲ, ನಾಳೆ ಇನ್ನೊಬ್ಬರಿಗೂ ಅವರು ಹಾಗೇ ಮಾಡುತ್ತಾರೆ. 2008ರಿಂದ ಮಾರುವವರು ಖರೀದಿದಾರರಿಗೆ ನೆಗೆಟಿವ್ ಫೀಡ್‌ಬ್ಯಾಕ್ ಕೊಡುವಂತಿಲ್ಲ, ಹಾಗಾಗಿ ಉಳಿದವರನ್ನು ಕಾಯುವುದು ಆ ದಾಖಲೆ ಒಂದೇ. ಅಂಥ ದಾಖಲೆ ಇರುವವರು ನಮ್ಮ ಲಾಟಿಗೆ ಬಿಡ್ ಮಾಡದಂತೆ ಸೆಟ್ಟಿಂಗ್ಸ್‌ನಲ್ಲಿ ತಡೆಯಲೂಬಹುದು. ಇದನ್ನು ಮೊದಲ ದಿನವೇ ಆನ್ ಮಾಡಿಡಿ.

ಇಷ್ಟೆಲ್ಲ ಇದ್ದರೂ ನನಗೆ ಇಬೇ ಹರಾಜು ಯಾಕೆ ಸರಿಬರಲಿಲ್ಲ ಅಂದರೆ, ಎರಡನೆಯವರ ಕಾರಣಕ್ಕೆ. ಗೆದ್ದವರು ಕೈಕೊಟ್ಟ ಮೇಲೆ ಅವರ ಹಿಂದೆ ನಿಂತಿದ್ದವರಿಗೆ ಮಾಲು ಯಾವ ಬೆಲೆಗೆ ಕೊಡಬೇಕು? ಈ ಒಂದು ಪ್ರಶ್ನೆ ತೆರೆದ ಗುಂಪಿನಲ್ಲೂ ಇಬೇಯಲ್ಲೂ ನನ್ನ ತಲೆ ತಿಂದಿದೆ.

1948ರ ಆಗಸ್ಟ್ 15ರಂದು ಬಂದ ಗಾಂಧಿ ಸ್ಟಾಂಪುಗಳ ಸೆಟ್ ಗೊತ್ತಲ್ಲ, ಸ್ವಿಟ್ಜರ್ಲೆಂಡಿನ ಕೂರ್ವಾಜಿಯೆ ಮುದ್ರಣಾಲಯದಲ್ಲಿ ಅಚ್ಚಾಗಿದ್ದು. ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ, ಹತ್ತು ರೂಪಾಯಿ. ಅದರಲ್ಲಿ ಹತ್ತು ರೂಪಾಯಿಯದನ್ನು ತೆರೆದ ಗುಂಪಿನಲ್ಲಿ ಹರಾಜಿಗೆ ಹಾಕಿದ್ದೆ. ಹಿಂದೆ ಹಿಂಜ್ (ಆಲ್ಬಮ್ಮಿಗೆ ಅಂಟಿಸಲು ಬಳಸುವ ಕಾಗದದ ಚೂರು) ಗುರುತಿತ್ತು, ಅಂಟು ಒಂದು ಮೂಲೆಯಲ್ಲಿ ಹಳದಿಗೆ ತಿರುಗಿತ್ತು, ಎರಡೂ ಫೋಟೊದಲ್ಲಿ ಕಾಣುವ ಹಾಗೆ ಹಾಕಿದ್ದೆ. ಮೂರನೆಯವರು 4,100ಕ್ಕೆ ನಿಂತರು. ಉಳಿದ ಇಬ್ಬರು ಹಠಕ್ಕೆ ಬಿದ್ದರು. ಒಬ್ಬರು 6,400ಕ್ಕೆ ನಿಲ್ಲಿಸಿದರು, ಇನ್ನೊಬ್ಬ 6,500ಕ್ಕೆ ಗೆದ್ದು ಮಾಯವಾದ.

ಈಗ ಎರಡನೆಯವರಿಗೆ 6,400 ಕೇಳುವುದು ನ್ಯಾಯವೇ? ಅಲ್ಲ ಅಂತಲೇ ನನ್ನ ಅಭಿಪ್ರಾಯ. ದುಡ್ಡು ಕೊಡದ ಆ ಮನುಷ್ಯ ಇಲ್ಲದೇ ಹೋಗಿದ್ದರೆ, ಮೂರನೆಯವರ 4,100ರ ಮೇಲೆ ನೂರು ಸೇರಿಸಿ ಅವರಿಗೆ ಅದು 4,200ಕ್ಕೇ ಸಿಗುತ್ತಿತ್ತು. ಮೇಲಿನ ಎರಡು ಸಾವಿರದ ಇನ್ನೂರು ಏರಿದ್ದು ಸುಳ್ಳು ಕೂಗಿನಿಂದ. ಜೊತೆಗೆ 6,400 ಕೇಳಿದರೆ ‘ಇವನೇ ಇನ್ನೊಂದು ಅಕೌಂಟಿಂದ ಕೂಗಿ ಬೆಲೆ ಏರಿಸಿದ್ದಾನೆ’ ಅನ್ನುವ ಅನುಮಾನ ಬಂದೇ ಬರುತ್ತದೆ. ಬರಬೇಕಾದ್ದೇ. ಮಾರುವವನೇ ಕದ್ದು ಬಿಡ್ ಮಾಡಿದರೆ ಕೊಂಡವರು ಅದನ್ನು ಮೋಸ ಅಂತ ಪರಿಗಣಿಸಬಹುದು ಎಂದು 1930ರ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್ ಹೇಳುತ್ತದೆ.

ಅದಕ್ಕೇ ನಾನು ನೇರವಾಗಿ 4,200ಕ್ಕೆ ಕೊಡುತ್ತೇನೆ ಅಂದೆ. ಅವರ ಉತ್ತರ ಬಂತು: ‘ಯಾಕೆ ಸರ್ ಅಷ್ಟು ಇಳಿಸ್ತಿದ್ದೀರಾ, ಅವರು ನೋಡಿ ವಾಪಸ್ ಕಳಿಸಿದ್ರಾ? ಏನಾದ್ರೂ ರಿಪೇರಿ ಆಗಿರೋ ಪೀಸಾ?’ ಜಾಸ್ತಿ ಕೇಳಿದರೆ ಕಳ್ಳ ಕೂಗು ಅನ್ನುತ್ತಾರೆ, ಕಮ್ಮಿ ಕೇಳಿದರೆ ಮಾಲಲ್ಲೇ ದೋಷ ಅನ್ನುತ್ತಾರೆ. ಸ್ಟಾಂಪು ನನ್ನ ಆಲ್ಬಮ್ ಬಿಟ್ಟು ಹೋಗಿಯೇ ಇಲ್ಲ ಅಂತ ಎಷ್ಟು ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ, ವ್ಯಾಪಾರ ಮುರಿಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಇಬೇಯಲ್ಲಿ ಎರಡನೆಯವರಿಗೆ ‘ಸೆಕೆಂಡ್ ಚಾನ್ಸ್ ಆಫರ್’ ಕಳಿಸಬಹುದು. ಆದರೆ ಬೆಲೆ ಅವರ ಕೊನೆಯ ಬಿಡ್ ಎಷ್ಟಿತ್ತೋ ಅಷ್ಟೇ, ಇಳಿಸಲು ಬರುವುದಿಲ್ಲ. ಅಂದರೆ ನಾನು ನ್ಯಾಯ ಅಲ್ಲ ಅಂದುಕೊಂಡ ಅದೇ 6,400ರ ಲೆಕ್ಕ. ಕೆಲವರು ಒಪ್ಪುತ್ತಾರೆ. ಹೆಚ್ಚಿನವರು ಅಷ್ಟರಲ್ಲಿ ಬೇರೆ ಕಡೆ ಕೊಂಡಿರುತ್ತಾರೆ, ಅಥವಾ ಅನುಮಾನ ಪಟ್ಟು ಸುಮ್ನೆ ಇದ್ದುಬಿಡುತ್ತಾರೆ. ಆಮೇಲೆ ಮತ್ತೆ ಲಿಸ್ಟ್ ಮಾಡಿ ಇನ್ನೊಂದು ವಾರ ಕಾಯಬೇಕು. ಆ ಹೊತ್ತಿಗೆ ಹರಾಜಿನ ಬಿಸಿ ಆರಿರುತ್ತದೆ. ಅದೇ ಸ್ಟಾಂಪು ಎರಡನೇ ಸಲ ಕಂಡರೆ ಜನ ಹಿಂದೇಟು ಹಾಕುತ್ತಾರೆ.

ಠೇವಣಿ ಗುಂಪು ನನಗೆ ಹಿಡಿಸಿದ್ದು ಇಲ್ಲೇ. ಸೇರುವಾಗ ಐನೂರು ರೂಪಾಯಿ ಅಡ್ಮಿನ್ ಹತ್ತಿರ ಇಡಬೇಕು. ಅದರ ಹತ್ತು ಪಟ್ಟಿನವರೆಗೆ ಮಾತ್ರ ಕೂಗಬಹುದು, ದೊಡ್ಡ ಲಾಟು ಬೇಕಾದವರು ಠೇವಣಿ ಜಾಸ್ತಿ ಇಡುತ್ತಾರೆ. ಗೆದ್ದ ಮೇಲೆ ಎರಡು ದಿನದಲ್ಲಿ ದುಡ್ಡು ಬರದಿದ್ದರೆ ಠೇವಣಿ ಮುಟ್ಟುಗೋಲು, ಅದು ಮಾರುವವರಿಗೆ ಸೇರುತ್ತದೆ. ಇದೇನು ಹೊಸದಲ್ಲ. ಕೋರ್ಟಿನವರು ಮನೆ, ಜಮೀನು ಹರಾಜು ಹಾಕಿದಾಗಲೂ ಗೆದ್ದವರು ನೂರಕ್ಕೆ 25 ಭಾಗ ಅಲ್ಲೇ ಕಟ್ಟಬೇಕು, ಕಟ್ಟದಿದ್ದರೆ ಕೂಡಲೇ ಮರುಹರಾಜು. ಉಳಿದದ್ದಕ್ಕೆ 15 ದಿನ. ಮರುಹರಾಜಿನಲ್ಲಿ ಬೆಲೆ ಇಳಿದರೆ ಆ ನಷ್ಟ ತಪ್ಪಿದವರ ತಲೆಗೇ ಬರುತ್ತದೆ.

ಎರಡನೆಯವರ ಪ್ರಶ್ನೆಗೂ ಗುಂಪಿನಲ್ಲಿ ಉತ್ತರ ಬರೆದಿಟ್ಟಿದ್ದಾರೆ. ತಪ್ಪಿದವರ ಕೂಗನ್ನೆಲ್ಲ ಹೊಡೆದುಹಾಕಿ, ಉಳಿದವರ ನಡುವೆಯೇ ಹರಾಜು ನಡೆದಿದ್ದರೆ ಎಷ್ಟಾಗುತ್ತಿತ್ತೋ ಅದೇ ಬೆಲೆ. ನನ್ನ ಗಾಂಧಿಗೆ ಆಗ ತನ್ನಿಂದ ತಾನೇ 4,200 ಆಗುತ್ತಿತ್ತು. ಠೇವಣಿ ಹೋದದ್ದು ಎಲ್ಲರ ಕಣ್ಣೆದುರೇ ಇರುವುದರಿಂದ ಕಳ್ಳ ಕೂಗು ಅಂತ ಯಾರೂ ಅನ್ನುವುದಿಲ್ಲ. ಬೆಲೆ ಇಳಿದದ್ದು ನಿಯಮದಿಂದ, ಹಾಗಾಗಿ ಮಾಲಿನ ಮೇಲೂ ಅನುಮಾನ ಇಲ್ಲ. ನಾನು ಒಂದು ಮಾತೂ ಆಡಬೇಕಾಗಿಲ್ಲ.

ಕೊರತೆ ಇಲ್ಲ ಅಂತಲ್ಲ. ಜನ ಕಮ್ಮಿ, ಬೆಲೆಯೂ ಇಬೇಗಿಂತ ಕಮ್ಮಿ. ಎಲ್ಲರ ದುಡ್ಡು ಒಬ್ಬರ ಖಾತೆಯಲ್ಲಿ ಇರುತ್ತದೆ, ಆ ಒಬ್ಬರು ಸರಿಯಿಲ್ಲದಿದ್ದರೆ ಎಲ್ಲರಿಗೂ ನಾಮ. ನಮ್ಮ ಅಡ್ಮಿನ್ ಪ್ರತಿ ತಿಂಗಳು ಠೇವಣಿ ಪಟ್ಟಿಯನ್ನು ಗುಂಪಿನಲ್ಲೇ ಹಾಕುತ್ತಾರೆ. ಬಿಟ್ಟು ಹೋಗುವವರಿಗೆ ಅದೇ ವಾರ ವಾಪಸ್ ಕೊಡುತ್ತಾರೆ. ಹಾಗೆ ಮಾಡದ ಗುಂಪಿಗೆ ಐನೂರು ರೂಪಾಯಿ ಕೂಡ ಕೊಡಬೇಡಿ.

ನಾನು ಕೆಲಸ ಮುಗಿಸಿ ರಾತ್ರಿ ಕೂತು ಮಾರುವವನು, ಅವರಿವರ ಹಿಂದೆ ಬಿದ್ದು ದುಡ್ಡು ಕೇಳುತ್ತಾ ಕೂರಲು ಹೊತ್ತಿಲ್ಲ. ನೂರಿನ್ನೂರು ಕಮ್ಮಿ ಬಂದರೂ ಪರವಾಗಿಲ್ಲ, ಶನಿವಾರ ಬೆಳಿಗ್ಗೆ ಎಲ್ಲ ಕವರು ಒಟ್ಟಿಗೆ ಸ್ಪೀಡ್ ಪೋಸ್ಟಿಗೆ ಹಾಕಿ ಬರುವ ಹಾಗಿರಬೇಕು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಅದರ ಜೊತೆ ಸೇರಿಸಿದ ಮೇಲೆ ಎಲ್ಲ ಅದರಲ್ಲೇ ಕಳಿಸುತ್ತಿದ್ದೇನೆ. ನೀವು ಐದಾರು ಸಾವಿರ ಮೇಲಿನದನ್ನೇ ಮಾರುವವರಾದರೆ ಲೆಕ್ಕ ಬೇರೆ. ಆಗ ಇಬೇಗೆ ಹೋಗಿ, ಆದರೆ ಹರಾಜು ಬೇಡ. ನಿಗದಿ ಬೆಲೆ ಹಾಕಿ, ‘ತಕ್ಷಣ ಪಾವತಿ ಕಡ್ಡಾಯ’ ಆನ್ ಮಾಡಿ. ದುಡ್ಡು ಕಟ್ಟುವ ತನಕ ಮಾಲು ಯಾರ ಹೆಸರಿಗೂ ಹೋಗುವುದಿಲ್ಲ. ನನ್ನ ಹತ್ತು ರೂಪಾಯಿ ಗಾಂಧಿಯನ್ನು ಈ ಸಲ ಹಾಗೇ ಹಾಕಿದ್ದೇನೆ.