ಬಾಡಿಗೆ ಮನೆಗಳ ನಡುವೆ ಒಂದು ಬಬಲ್ ರ್ಯಾಪ್ ರೋಲ್

ಗಾಜಿನ ಫ್ರೇಮು ಸಾಗಿಸಲು ಬಬಲ್ ರ್ಯಾಪ್‌ನಷ್ಟು ನಂಬಬಹುದಾದ ಸಾಮಾನು ನನಗಂತೂ ಬೇರೆ ಸಿಕ್ಕಿಲ್ಲ. ಆದರೆ ಅದನ್ನೇ ತಂದು ಕ್ಯಾನ್ವಾಸ್ ಚಿತ್ರಕ್ಕೆ ನೇರವಾಗಿ ಸುತ್ತುವವರನ್ನು ಕಂಡರೆ ಈಗ ಮೈ ಉರಿಯುತ್ತದೆ. ಈ ವಿಮರ್ಶೆ ಬರೆಯಲು ಕೂತಿದ್ದೇ ಆ ಸಿಟ್ಟಿಗೆ. ಆದರೂ ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ.

ನಾವು ಬೆಂಗಳೂರಿನಲ್ಲಿ ಬಾಡಿಗೆಗೆ ಇರುವವರು. 11 ತಿಂಗಳ ಅಗ್ರಿಮೆಂಟು. ಅದು ಮುಗಿಯುವ ಹೊತ್ತಿಗೆ ಓನರ್ ಮಗನಿಗೋ ಅಳಿಯನಿಗೋ ಮನೆ ಬೇಕಾಗುತ್ತದೆ, ನಾವು ಗಂಟುಮೂಟೆ ಕಟ್ಟುತ್ತೇವೆ. ಗೋಡೆ ಮೇಲಿರುವುದು ಅತ್ತೆ ಕೊಟ್ಟ ಮೈಸೂರು ಶೈಲಿಯ ಸರಸ್ವತಿ, ಸಾಗರದಿಂದ ತಂದ ಹಸೆ ಚಿತ್ತಾರ, ಮಗಳು ಕಾಲೇಜಿನಲ್ಲಿದ್ದಾಗ ಬಿಡಿಸಿದ ದೊಡ್ಡ ಅಕ್ರಿಲಿಕ್ ಕ್ಯಾನ್ವಾಸ್‌ಗಳು. ಮರದ ಪೆಟ್ಟಿಗೆ ಮಾಡಿಸಿ ಸಾಗಿಸುವವರ ಕೊಟೇಶನ್ ಕೇಳಿದೆ. ಹೆಚ್ಚುಕಡಿಮೆ ಒಂದು ತಿಂಗಳ ಬಾಡಿಗೆಯಷ್ಟು ಹೇಳಿದರು. ಸುಮ್ನೆ ಫೋನ್ ಇಟ್ಟು, ಚಿಕ್ಕಪೇಟೆ ಕಡೆ ಹೋಗಿ ಒಂದು ರೋಲ್ ತಂದೆ. ಅದೇ ರೋಲ್ ಇನ್ನೂ ನಡೆಯುತ್ತಿದೆ.

ಮನೆ ಖಾಲಿ ಮಾಡುವ ಹಿಂದಿನ ರಾತ್ರಿ, ಪಾತ್ರೆಪಗಡೆ ಎಲ್ಲ ಡಬ್ಬ ಸೇರಿದ ಮೇಲೆ ಚಿತ್ರಗಳ ಸರದಿ. ಈ ಕೆಲಸ ನಾನು ಯಾರಿಗೂ ಬಿಡುವುದಿಲ್ಲ. ನೆಲಕ್ಕೆ ಚಾಪೆ ಹಾಸಿ, ಗಾಜಿನ ಮೇಲೆ ಮೂಲೆಯಿಂದ ಮೂಲೆಗೆ ಮಾಸ್ಕಿಂಗ್ ಟೇಪ್ ಹಚ್ಚುತ್ತೇನೆ. ಟೇಪ್ ಹಚ್ಚಿದರೆ ಗಾಜು ಒಡೆಯುವುದಿಲ್ಲ ಅಂತಲ್ಲ. ಒಡೆದರೆ ಚೂರುಗಳು ಚಿತ್ರದ ಮೇಲೆ ಉದುರದೆ ಟೇಪಿಗೇ ಅಂಟಿಕೊಂಡಿರಲಿ ಅಂತ. ಮೈಸೂರು ಚಿತ್ರದಲ್ಲಿ ಒಡವೆ, ಕಿರೀಟಗಳನ್ನು ಗೆಸ್ಸೋ ಎಂಬ ಅಂಟು ಲೇಪದಿಂದ ಸಣ್ಣಗೆ ಉಬ್ಬಿಸಿ, ಮೇಲೆ ಚಿನ್ನದ ಹಾಳೆ ಕೂರಿಸಿರುತ್ತಾರೆ. ತಂಜಾವೂರಿನದಷ್ಟು ಉಬ್ಬು ಇರುವುದಿಲ್ಲ, ನಿಜ. ಆದರೂ ಗಾಜಿನ ಒಂದು ಚೂರು ಗೀರಿದರೆ ಮುಗಿಯಿತು.

ಆಮೇಲೆ ಹಳೇ ಕಾಟನ್ ಸೀರೆಯ ತುಂಡು ಸುತ್ತುತ್ತೇನೆ, ಫ್ರೇಮಿನ ಪಾಲಿಶ್ ಕೆಡದಿರಲಿ ಅಂತ. ಮೂಲೆಗಳಿಗೆ ರಟ್ಟು ಮಡಚಿ ಟೋಪಿ. ಅದರ ಮೇಲೆ ಬಬಲ್ ರ್ಯಾಪ್, ಎರಡು ಸುತ್ತು. ಬ್ರೌನ್ ಟೇಪಿನ ತುದಿಯನ್ನು ಒಂದು ಬೆರಳಿನಷ್ಟು ಮಡಚಿ ಬಿಡುತ್ತೇನೆ. ಬಿಚ್ಚುವಾಗ ಆ ಕಿವಿ ಹಿಡಿದು ನಿಧಾನಕ್ಕೆ ಎಳೆದರೆ ಕತ್ತರಿಯೂ ಬೇಡ, ರ್ಯಾಪೂ ಹರಿಯುವುದಿಲ್ಲ. ಒಂದೇ ರೋಲ್ ಇಷ್ಟು ಬಾಳಿದ್ದು ಇದರಿಂದಲೇ. ಟೆಂಪೋದಲ್ಲಿ ಫ್ರೇಮುಗಳನ್ನು ಮಲಗಿಸದೆ ನಿಲ್ಲಿಸಿ, ಎರಡು ಹಾಸಿಗೆಗಳ ನಡುವೆ ಸಿಕ್ಕಿಸುತ್ತೇವೆ. ಮಲಗಿಸಿದರೆ ಯಾರಾದರೂ ಮೇಲೆ ಗ್ರೈಂಡರ್ ಇಟ್ಟೇ ಇಡುತ್ತಾರೆ.

ಹೊಸ ಮನೆಗೆ ಬಂದ ದಿನವೇ ಗಾಜಿನ ಟೇಪ್ ಕಿತ್ತುಬಿಡಿ. ಬಿಟ್ಟರೆ ಗೋಂದು ಗಾಜಿಗೇ ಕೂತುಬಿಡುತ್ತದೆ. ರ್ಯಾಪ್ ಮಡಚುವಾಗ ಅಂಗೈಯಿಂದ ಒತ್ತಿ ನೋಡುತ್ತೇನೆ. ಗುಳ್ಳೆ ಸತ್ತ ತುಂಡುಗಳು ಗಂಡನ ಪಾಲಿಗೆ. ಉಳಿದ ಗುಳ್ಳೆಗಳನ್ನು ಪಟಪಟ ಒಡೆಯುತ್ತಾ ಕ್ರಿಕೆಟ್ ನೋಡುವುದು ಅವರ ಗೃಹಪ್ರವೇಶ. 1957ರಲ್ಲಿ ನ್ಯೂಜೆರ್ಸಿಯಲ್ಲಿ ಆಲ್ಫ್ರೆಡ್ ಫೀಲ್ಡಿಂಗ್, ಮಾರ್ಕ್ ಶವಾನ್ ಎಂಬಿಬ್ಬರು ಉಬ್ಬುಬ್ಬಾದ ವಾಲ್‌ಪೇಪರ್ ಮಾಡಲು ಹೋಗಿ ಇದು ಹುಟ್ಟಿತಂತೆ. ಗೋಡೆಗೆ ಯಾರೂ ಅಂಟಿಸಲಿಲ್ಲ, ನಮ್ಮಂಥವರ ಪುಣ್ಯ.

ಈಗ ಸಿಟ್ಟಿನ ವಿಷಯ. ಹಿಂದಿನ ಸಲ ಮನೆ ಬದಲಿಸಿದ್ದು ಏಪ್ರಿಲ್‌ನಲ್ಲಿ. ಪ್ಯಾಕರ್ಸ್ ಹುಡುಗರು ಬಂದಿದ್ದರು. ನಾನು ಕೆಳಗೆ ಕರೆಂಟ್ ಮೀಟರ್ ರೀಡಿಂಗ್ ಬರೆಸುತ್ತಿದ್ದೆ. ಮೇಲೆ ಬರುವಷ್ಟರಲ್ಲಿ ಮಗಳ ಕ್ಯಾನ್ವಾಸ್‌ಗಳಿಗೆ ಗುಳ್ಳೆ ಒಳಮುಖವಾಗಿ ರ್ಯಾಪ್ ಸುತ್ತಿ, ಮೇಲೆ ಸ್ಟ್ರೆಚ್ ಫಿಲ್ಮ್ ಬಿಗಿದಾಗಿತ್ತು. ಬಿಚ್ಚಿ ಅಂದೆ. “ಏನೂ ಆಗಲ್ಲ ಮೇಡಂ, ದಿನಾ ಮಾಡ್ತೀವಿ” ಅಂತ ಲಾರಿಗೆ ಹಾಕಿಯೇಬಿಟ್ಟರು. ಸಾಮಾನು ಬಂದಿದ್ದು ಮಾರನೇ ದಿನ, ಮುಚ್ಚಿದ ಲಾರಿಯಲ್ಲಿ ಬಿಸಿಲು ಕುಡಿದು. ಬಿಚ್ಚಿ ನೋಡಿದರೆ ನೀಲಿ ಆಕಾಶದ ತುಂಬ ಪಡ್ಡಿನ ಕಾವಲಿಯ ಹಾಗೆ ಸಾಲು ಸಾಲು ಗುಂಡು ಗುರುತು.

ಒಣಗಿದ ಅಕ್ರಿಲಿಕ್ ಬಣ್ಣ ಅಂದರೆ ಒಂದು ಪ್ಲಾಸ್ಟಿಕ್ ಪೊರೆ. ಸೆಖೆಗೆ ಮೆತ್ತಗಾಗುತ್ತದೆ. ಅದಕ್ಕೆ ಪ್ಲಾಸ್ಟಿಕ್ ಗುಳ್ಳೆ ಒತ್ತಿ ಬಿಗಿದರೆ ಇನ್ನೇನಾಗುತ್ತದೆ? ದೂರು ಕೊಟ್ಟರೆ ಕಂಪನಿಯವರು “ಹರಿದಿಲ್ಲ, ತೂತಾಗಿಲ್ಲ, ಡ್ಯಾಮೇಜ್ ಎಲ್ಲಿದೆ?” ಅಂತ ನನ್ನನ್ನೇ ಕೇಳಿದರು. ಇನ್ಶೂರೆನ್ಸ್ ಅಂತ ಕಟ್ಟಿಸಿಕೊಂಡ ದುಡ್ಡು ಅವರ ಹತ್ತಿರವೇ ಉಳಿಯಿತು. ಕೆಲವು ಗುರುತು ತಾನಾಗಿ ಮಾಸಿವೆ. ದಪ್ಪ ಬಣ್ಣ ಇರುವ ಕಡೆ ಹಾಗೇ ಇವೆ. ಮಗಳು ಮಾತ್ರ “ಇರಲಿ ಬಿಡಮ್ಮ, ಟೆಕ್ಸ್ಚರ್” ಅಂತ ನಗುತ್ತಾಳೆ.

ಪ್ಲಾಸ್ಟಿಕ್ಕಿಗೆ ಇನ್ನೊಂದು ದೋಷ ಇದೆ, ಅದು ಉಸಿರಾಡುವುದಿಲ್ಲ. ತೀರ್ಥಹಳ್ಳಿಯ ಅಕ್ಕನ ಮನೆಯಲ್ಲಿ ಒಂದು ಫ್ರೇಮು ಸುತ್ತಿದ್ದು ಸುತ್ತಿದ ಹಾಗೆ ಅಟ್ಟದಲ್ಲೇ ಮಳೆಗಾಲ ಕಳೆಯಿತು. ತೆಗೆದಾಗ ಹಿಂದಿನ ರಟ್ಟಿಗೆಲ್ಲ ಬೂಷ್ಟು. ಸಾಗಿಸಲು ಸರಿ, ಎತ್ತಿಡಲು ಬೇಡ.

ಹಾಗಂತ ರೋಲ್ ಎಸೆದಿಲ್ಲ. ಕ್ಯಾನ್ವಾಸ್‌ಗೆ ಈಗ ಬೇರೆ ಉಪಾಯ. ನಾಲ್ಕು ಮೂಲೆಗೂ, ಬದಿಯ ಚೌಕಟ್ಟಿಗೆ ಮಾತ್ರ ತಾಗುವ ಹಾಗೆ, ದಪ್ಪ ಥರ್ಮಾಕೋಲ್ ತುಂಡು. ಅದು ಚಿತ್ರಕ್ಕಿಂತ ಎರಡು ಬೆರಳು ಎತ್ತರಕ್ಕೆ ನಿಲ್ಲಬೇಕು. ಅದರ ಮೇಲೆ ಗಟ್ಟಿ ರಟ್ಟು. ಬಣ್ಣಕ್ಕೆ ಗಾಳಿ ಬಿಟ್ಟು ಏನೂ ತಾಗುವುದಿಲ್ಲ. ಆಮೇಲೆ ಹೊರಗಿನಿಂದ ಬಬಲ್ ರ್ಯಾಪ್ ಎಷ್ಟು ಬೇಕಾದರೂ ಸುತ್ತಿ, ಗುಳ್ಳೆ ಯಾವ ಕಡೆಗಾದರೂ ಇರಲಿ.

ಇಷ್ಟನ್ನೂ ಹಿಡಿಸಲು ಟಿವಿ ಡಬ್ಬದಂಥದ್ದು ಇನ್ನೊಂದಿಲ್ಲ. ಚಪ್ಪಟೆ, ಗಟ್ಟಿ, ಪುಕ್ಕಟೆ. ಥರ್ಮಾಕೋಲ್ ಕೂಡ ಒಳಗೇ ಇರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಯಾರಾದರೂ ಹೊಸ ಟಿವಿ ತಂದರೆ ವಾಚ್‌ಮನ್ ನನಗೆ ಮೊದಲು ಫೋನ್ ಮಾಡುತ್ತಾನೆ. ಸದ್ಯ ಮಂಚದ ಹಿಂದೆ ಎರಡು ಡಬ್ಬ ನಿಂತಿವೆ. ಗಂಡನಿಗೆ ಅದೊಂದೇ ತಕರಾರು, ಮನೆಯಲ್ಲಿ ಟಿವಿಗಿಂತ ಟಿವಿ ಡಬ್ಬಗಳೇ ಜಾಸ್ತಿ ಅಂತ.