ಗ್ಯಾಸಾ, ಕರೆಂಟಾ? ತಟ್ಟೆ ಇಡ್ಲಿಗೆ ಒಂದು ಲೆಕ್ಕ, ದೋಸೆಗೆ ಇನ್ನೊಂದು

ಹೋಟೆಲ್ ಇಟ್ಟವರಲ್ಲಿ ಗ್ಯಾಸ್ ಖರ್ಚಿಗೆ ಗೊಣಗದವರು ಯಾರೂ ಸಿಗಲ್ಲ. ಹಾಗಂತ ಎಲ್ಲವನ್ನೂ ಕರೆಂಟಿಗೆ ತಿರುಗಿಸಿದರೆ ದುಡ್ಡು ಉಳಿದುಬಿಡುತ್ತೆ ಅಂತಲೂ ಅಲ್ಲ. ತುಮಕೂರಿನ ಬಿ.ಎಚ್. ರಸ್ತೆ ಪಕ್ಕ ನಮ್ಮದೊಂದು ಸಣ್ಣ ಹೋಟೆಲ್. ತಟ್ಟೆ ಇಡ್ಲಿ, ದೋಸೆ, ಮಧ್ಯಾಹ್ನ ಊಟ, ದಿನವಿಡೀ ಕಾಫಿ. ಮುಖ್ಯವಾದ ಕೆಲಸಕ್ಕೆಲ್ಲ ಎರಡನ್ನೂ ಇಟ್ಟು ನೋಡಿದ್ದೇವೆ. ನನ್ನ ಪ್ರಕಾರ ನೀರು ಕುದಿಯೋ ಕೆಲಸ ಕರೆಂಟಿಗೆ ಹೋಗಲಿ, ಕಾವಲಿ ಮಾತ್ರ ಗ್ಯಾಸ್ ಮೇಲೇ ಇರಲಿ.

ಮೊದಲು ಲೆಕ್ಕ ನೋಡೋಣ. ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು 12.8 ಯೂನಿಟ್ ಕರೆಂಟಿನಷ್ಟು ಶಾಖ ಬರುತ್ತದೆ. 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಅಂದರೆ ಹೆಚ್ಚುಕಮ್ಮಿ 240 ಯೂನಿಟ್. ಆದರೆ ಅದಷ್ಟೂ ಪಾತ್ರೆಗೆ ಸೇರಲ್ಲ. ಹೋಟೆಲಿನ ದೊಡ್ಡ ಒಲೆಯಲ್ಲಿ ಉರಿ ಡಬರಿಯ ಪಕ್ಕದಿಂದ ನುಗ್ಗಿ ಮೇಲೆ ಹೋಗುತ್ತಿರುತ್ತದೆ. ಅರ್ಧ ಸಿಕ್ಕಿದರೆ ಪುಣ್ಯ. ಕರೆಂಟಿನ ಇಂಡಕ್ಷನ್ ಒಲೆಯಲ್ಲಿ 85ರಿಂದ 90 ಪರ್ಸೆಂಟ್ ಪಾತ್ರೆಗೇ ಹೋಗುತ್ತದೆ. ಈ ಲೆಕ್ಕದಲ್ಲಿ ಒಂದು ಸಿಲಿಂಡರ್ ಮಾಡುವ ಕೆಲಸವನ್ನು ಇಂಡಕ್ಷನ್ ಸುಮಾರು 140 ಯೂನಿಟ್‌ನಲ್ಲಿ ಮುಗಿಸುತ್ತದೆ. ನಿಮ್ಮ ಸಿಲಿಂಡರ್ ರೇಟನ್ನು 140ರಿಂದ ಭಾಗಿಸಿ. ತೆರಿಗೆ ಎಲ್ಲಾ ಸೇರಿ ನಿಮ್ಮ ಒಂದು ಯೂನಿಟ್ ಅದಕ್ಕಿಂತ ಕಡಿಮೆಗೆ ಬೀಳುತ್ತಿದ್ದರೆ ಇಂಡಕ್ಷನ್ ಕಡೆ ನೋಡಬಹುದು.

ಇಲ್ಲೊಂದು ಕೊಕ್ಕೆ ಇದೆ. ಬೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ ದುಡ್ಡು ಬೇರೆ, ಮಂಜೂರಾದ ಕಿಲೋವ್ಯಾಟ್ ಮೇಲೆ ತಿಂಗಳು ತಿಂಗಳು ಬೀಳುವ ನಿಗದಿತ ಶುಲ್ಕ ಬೇರೆ. 5 ಕಿಲೋವ್ಯಾಟಿನ ಒಲೆ ಎರಡು ತಂದರೆ ಲೋಡ್ ಹತ್ತು ಕಿಲೋವ್ಯಾಟ್ ಏರುತ್ತದೆ. ಒಲೆ ಹಚ್ಚಿದರೂ ಅಷ್ಟೇ, ಸುಮ್ನೆ ಇಟ್ಟರೂ ಅಷ್ಟೇ, ಆ ಶುಲ್ಕ ಕಟ್ಟಲೇಬೇಕು. ಹಾಗಾಗಿ ದಿನವಿಡೀ ದುಡಿಯೋ ಜಾಗಕ್ಕೆ ಮಾತ್ರ ಇಂಡಕ್ಷನ್ ಸರಿ. ನಮ್ಮಲ್ಲಿ ಅದು ಕಾಫಿ ಕೌಂಟರ್. ಹಾಲು, ಡಿಕಾಕ್ಷನ್ ನೀರು, ಸಂಜೆ ಸಾಂಬಾರ್ ಬಿಸಿ ಮಾಡೋದು, ಎಲ್ಲ 3.5 ಕಿಲೋವ್ಯಾಟಿನ ಒಂದೇ ಒಲೆಯ ಮೇಲೆ ನಡೆಯುತ್ತದೆ. ಕಾಫಿ ಮಾಡುವ ಹುಡುಗನ ಮುಖಕ್ಕೆ ಮೊದಲಿನ ಹಾಗೆ ಉರಿಯ ಝಳ ಹೊಡೆಯಲ್ಲ, ಅದೂ ಒಂದು ಲಾಭವೇ. ಒಂದೇ ತೊಂದರೆ, ನಮ್ಮ ಹಳೇ ಡಬರಿಗಳೆಲ್ಲ ಅಲ್ಯೂಮಿನಿಯಂ. ಅಯಸ್ಕಾಂತ ಅಂಟದ ಪಾತ್ರೆಯನ್ನು ಇಂಡಕ್ಷನ್ ತಗೊಳ್ಳಲ್ಲ. ಅಂಗಡಿಯವರು ಒಲೆ ರೇಟು ಹೇಳ್ತಾರೆ, ಪಾತ್ರೆ ರೇಟು ಹೇಳಲ್ಲ ಅಲ್ವಾ. ಕೊಳ್ಳೋಕೆ ಹೋಗುವಾಗ ಜೇಬಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ, ಪಾತ್ರೆ ತಳಕ್ಕೆ ಹಿಡಿದು ನೋಡಿ.

ಇನ್ನು ತಟ್ಟೆ ಇಡ್ಲಿ. ತಟ್ಟೆ ಇಡ್ಲಿಗೇ ಹೆಸರಾದ ಕ್ಯಾತ್ಸಂದ್ರ ಇಷ್ಟು ಹತ್ತಿರ ಇದ್ದ ಮೇಲೆ ನಮ್ಮ ಇಡ್ಲಿ ಒಂಚೂರು ಗಟ್ಟಿ ಆದರೂ ಗಿರಾಕಿ ಬಿಡಲ್ಲ. ಗ್ಯಾಸ್ ಮೇಲಿನ ಇಡ್ಲಿ ಪೆಟ್ಟಿಗೆಗೂ ಕರೆಂಟ್ ಪೆಟ್ಟಿಗೆಗೂ ಬೆಂದ ಇಡ್ಲಿಯಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಖರ್ಚಿನಲ್ಲಿ ಕಂಡಿತು. ಕರೆಂಟ್ ಪೆಟ್ಟಿಗೆಯಲ್ಲಿ ಹೀಟರ್ ನೀರಿನೊಳಗೇ ಮುಳುಗಿರುತ್ತದೆ. ಬಿಸಿ ಹೋಗೋಕೆ ಬೇರೆ ದಾರಿಯೇ ಇಲ್ಲ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಸ್ಟ್ಯಾಂಡ್ ತುಂಬ ತಟ್ಟೆ ಇಟ್ಟು ಬೇಯಿಸುವಾಗ ಅದೇ ಗೆಲ್ಲುತ್ತದೆ. ರಶ್ ಇಳಿದ ಮೇಲೆ ನಾಲ್ಕು ತಟ್ಟೆಗೋಸ್ಕರ ಅಷ್ಟು ದೊಡ್ಡ ಪೆಟ್ಟಿಗೆ ಹಬೆಯಾಡುತ್ತಾ ನಿಂತರೆ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ. ಆಗ ನಾವು ಸಣ್ಣ ಗ್ಯಾಸ್ ಪಾತ್ರೆಗೆ ಬದಲಾಯಿಸುತ್ತೇವೆ. ಬೆಳಗಿನ ಜಾವ ಕರೆಂಟ್ ಕೈಕೊಟ್ಟರೂ ಅದೇ ಗತಿ. ಡೀಸೆಲ್ ಜನರೇಟರ್ ಹಾಕಿ ಇಡ್ಲಿ ಬೇಯಿಸಿದರೆ ಲಾಭದ ಮಾತೇ ಇಲ್ಲ.

ಕರೆಂಟ್ ಪೆಟ್ಟಿಗೆಯ ದೊಡ್ಡ ಶತ್ರು ಅಂದ್ರೆ ನಮ್ಮ ಬೋರ್‌ವೆಲ್ ನೀರು. ಸ್ವಲ್ಪ ದಿನ ಬಿಟ್ಟರೆ ಹೀಟರ್ ಸುತ್ತ ಬಿಳೀ ಗಾರೆ ಕಟ್ಟುತ್ತದೆ. ಉಗುರಲ್ಲಿ ಕೆರೆದರೆ ಚಕ್ಕೆ ಚಕ್ಕೆ ಏಳುತ್ತದೆ. ಆ ಪದರದ ಒಳಗೆ ಹೀಟರ್ ಕೆಂಡ ಆದರೂ ನೀರು ಬೇಗ ಕುದಿಯಲ್ಲ, ಕೊನೆಗೊಂದು ದಿನ ಕಾಯಿಲ್ಲೇ ಸುಟ್ಟುಹೋಗುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ, ಬಿಸಿ ನೀರಿಗೆ ನಿಂಬೆಹುಳಿ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ನೆನೆಸಿ ತೊಳೆದರೆ ಬಿಡುತ್ತದೆ. ಗಾರೆ ಕಡಿಮೆ ಕಟ್ಟಲಿ ಅಂತ ಬುಗುಡನಹಳ್ಳಿ ಕೆರೆ ಕಡೆಯಿಂದ ಬರುವ ಹೇಮಾವತಿ ನದಿ ನೀರನ್ನು ನಾವು ಈ ಪೆಟ್ಟಿಗೆಗೇ ಅಂತ ಬೇರೆ ಹಿಡಿದಿಡುತ್ತೇವೆ. ಗ್ಯಾಸ್ ಪೆಟ್ಟಿಗೆಯಲ್ಲೂ ಗಾರೆ ಕಟ್ಟುತ್ತೆ, ಆದರೆ ತಳ ಉಜ್ಜಿದರೆ ಆಯ್ತು.

ದೋಸೆಗೆ ಬಂದರೆ ಲೆಕ್ಕ ಉಲ್ಟಾ. ಕರೆಂಟ್ ಕಾವಲಿ ಬೆಳಿಗ್ಗೆ ಮೊದಲ ಸಾಲು ಚೆನ್ನಾಗೇ ತೆಗೆಯಿತು. ಆಮೇಲೆ ತಣ್ಣಗಿನ ಹಿಟ್ಟು ಬೀಳುತ್ತಾ ಹೋದ ಹಾಗೆ ಸೋತಿತು. ನಮ್ಮ ಭಟ್ರು ನೀರು ಚಿಮುಕಿಸಿ ಪೊರಕೆ ಎಳೆದರೆ ಚುರ್ ಅನ್ನಬೇಕು. ಅಂಚಿನಲ್ಲಿ ಹನಿಗಳು ಹಾಗೇ ಕೂತಿದ್ದವು. "ಅಣ್ಣಾ, ಮಧ್ಯದಲ್ಲಿ ಮಾತ್ರ ಕಾದೈತೆ, ಅಂಚಲ್ಲಿ ಹುಯ್ದಿದ್ದು ಏಳ್ತಾನೇ ಇಲ್ಲ" ಅಂದರು. ಗ್ಯಾಸ್ ಆದರೆ ತಿರುಪು ತಿರುಗಿಸಿದ ತಕ್ಷಣ ಉರಿ ಏರುತ್ತದೆ. ಸಾಲಾಗಿ ದೋಸೆ ಬಿಡುವ ಕಡೆ ಅದೇ ಬೇಕು. ಒಂದು ಟೇಬಲ್ ಎರಡು ನಿಮಿಷ ಜಾಸ್ತಿ ಕಾದರೆ ಆಗುವ ನಷ್ಟ ಯಾವ ಮೀಟರಿನಲ್ಲೂ ಓಡಲ್ಲ.

ಗ್ಯಾಸ್ ಕಾವಲಿಯಲ್ಲೂ ಉಳಿಸೋಕೆ ಜಾಗ ಇದೆ. ಬರ್ನರ್ ತೂತು ಕಟ್ಟಿದರೆ ಉರಿ ಹಳದಿಗೆ ತಿರುಗಿ ತಳ ಮಸಿ ಹಿಡಿಯುತ್ತದೆ. ನೀಲಿ ಉರಿ ಬರೋವರೆಗೂ ತೂತು ಬಿಡಿಸಿ. ಕಾವಲಿಯಡಿ ಎರಡು ಬರ್ನರ್ ಇದ್ದು ಬೇರೆ ಬೇರೆ ತಿರುಪು ಇದ್ದರೆ, ಮಧ್ಯಾಹ್ನ ಅರ್ಧ ಕಾವಲಿಯಲ್ಲೇ ಕೆಲಸ ಸಾಗುತ್ತದೆ. ಒಂದೇ ತಿರುಪಿನ ಕಾವಲಿ ನಾನಂತೂ ಇನ್ನು ತಗೊಳ್ಳಲ್ಲ.

ಕರೆಂಟ್ ಖರ್ಚು ಅಂದ ಮೇಲೆ ಫ್ರಿಡ್ಜ್ ಮಾತೂ ಬರುತ್ತೆ, ವಿಷಯ ಚಿಕ್ಕದು. ಮೇಲೆ ಮುಚ್ಚಳ ಇರೋ ಪೆಟ್ಟಿಗೆ ಫ್ರಿಡ್ಜ್ ತೆಗೆದಾಗ ತಂಪು ಗಾಳಿ ಭಾರಕ್ಕೆ ಒಳಗೇ ನಿಲ್ಲುತ್ತದೆ. ನಿಂತಿರೋ ಬಾಗಿಲಿನದ್ದರಲ್ಲಿ ಕಾಲ ಮೇಲೇ ಸುರಿಯುತ್ತದೆ. ಬಟಾಣಿ, ಐಸ್‌ಕ್ರೀಮಿಗೆ ಪೆಟ್ಟಿಗೆಯೇ ಸರಿ. ಹಿಟ್ಟಿನ ಡಬ್ಬಕ್ಕೆ ನಿಂತಿರೋದೇ ಬೇಕು, ಪೆಟ್ಟಿಗೆಯೊಳಗೆ ಬಗ್ಗಿ ಹುಡುಕುವಷ್ಟು ಹೊತ್ತು ಮುಚ್ಚಳ ತೆರೆದೇ ಇರುತ್ತೆ. ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಸಡಿಲವಾಗಿದೆ ಅಂತ, ಬದಲಾಯಿಸಿ. ಹೊಸ ಫ್ರಿಡ್ಜಿಗಿಂತ ಅದು ಎಷ್ಟೋ ಅಗ್ಗ.